ಪ್ರಶ್ನೆಯೇನೂ ಅಲ್ಲ, ಒಂದು ಮಾತು

ಇವತ್ತು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿತು. ಉಕ್ಕದಂತೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆ ವಿಷಯ ಈಗ ಬೇಡ. ನನ್ನ ಹೆಂಡತಿ ಶೈಲಜಾ ಒಂದು ಬಟ್ಟೆ ತಂದು ಅಡುಗೆ ಕಟ್ಟೆಯನ್ನು ಒರೆಸತೊಡಗಿದಳು. ಬಟ್ಟೆಯ ಮೇಲೆ ಏನೋ ಅಕ್ಷರಗಳು ಕಂಡವು. ಬಗ್ಗಿ ನೋಡಿದರೆ ನನ್ನದೇ ಟೀ ಶರ್ಟು. ಯಾವುದೋ ಒಂದು ವರ್ಷ ಪ್ರೋಗ್ರಾಮರುಗಳ ಸಮ್ಮೇಳನದಲ್ಲಿ ಕೊಟ್ಟದ್ದು. ಎದೆಯ ಮೇಲೆ ಇಂಗ್ಲಿಷಿನಲ್ಲಿ, ‘ನನ್ನನ್ನು ಏನು ಬೇಕಾದರೂ ಕೇಳಿ’ ಎಂದು ಅಚ್ಚು ಹಾಕಿಸಿದ್ದರು.

“ಇದನ್ಯಾಕೆ ತಗೊಂಡೆ?” ಎಂದೆ.

“ಹತ್ತೀದು ರೀ, ಚೆನ್ನಾಗಿ ಹೀರುತ್ತೆ,” ಎಂದಳು. “ಅದೂ ಅಲ್ದೆ ಇದರ ಮೇಲೆ ಬರೆದಿರೋದು ಶುದ್ಧ ಸುಳ್ಳು. ನಿಮ್ಮನ್ನ ಯಾರು ಕೇಳಿದ್ದಾರೆ? ಅಲ್ಲಿ ಕೇಳೋರು ಯಾವಾಗ್ಲೂ ನೀವೇ ಅಲ್ವಾ?”

ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿರುವವಳು ಅವಳು. ಒಂದು ಸಾಲಿನಲ್ಲಿ ಕಡತ ಮುಗಿಸುವ ಅಭ್ಯಾಸವಿದೆ. ನಾನು ಹಾಲಿಲ್ಲದ ಕಾಫಿ ಹಿಡಿದುಕೊಂಡು ಬಾಲ್ಕನಿಗೆ ಬಂದು ಕೂತೆ. ಹೇಗೂ ಕೂತಿದ್ದೇನೆ, ನೀವೂ ಕೂತುಕೊಳ್ಳಿ. ಅವಳು ಹೇಳಿದ್ದರ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ.

ಇಂಥ ಸಮ್ಮೇಳನಕ್ಕೆ ನೀವು ಹೋದವರಲ್ಲದಿದ್ದರೆ ಮೊದಲು ಅದೇನೆಂದು ತಿಳಿಯಬೇಕು. ಇವುಗಳನ್ನು ಯಾವ ಕಂಪನಿಯೂ ನಡೆಸುವುದಿಲ್ಲ. ನಮ್ಮ ಕಡೆ ಬೀದಿಯವರೇ ಸೇರಿ ಗಣಪತಿ ಕೂರಿಸುತ್ತಾರಲ್ಲ, ಹಾಗೆ ಪ್ರೋಗ್ರಾಮರುಗಳೇ ಸೇರಿ ನಡೆಸುತ್ತಾರೆ. ವಾರವೆಲ್ಲ ಗುರುಗ್ರಾಮ, ನೋಯ್ಡಾಗಳ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಹಿಡಿಸಿಕೊಂಡವರು, ಶನಿವಾರ ಬಂದರೆ ದೆಹಲಿಯ ಹೌಜ್ ಖಾಸ್ ಕಡೆಯ ಯಾವುದಾದರೂ ಕಾಲೇಜಿನ ಸಭಾಂಗಣವನ್ನು ಬೇಡಿ ಪಡೆದು, ಅಲ್ಲಿ ಕೂತು ಮತ್ತೆ ಕಂಪ್ಯೂಟರಿನ ಬಗ್ಗೆಯೇ ಮಾತಾಡುತ್ತಾರೆ. ಬಾಗಿಲಲ್ಲಿ ಕುತ್ತಿಗೆಗೆ ಹೆಸರಿನ ಪಟ್ಟಿ ಹಾಕುತ್ತಾರೆ. ಟೀ ಶರ್ಟು ಕೊಡುತ್ತಾರೆ; ಮಧ್ಯಮ ಅಳತೆಯದು ನಾನು ಮೆಟ್ರೋದಿಂದ ಇಳಿಯುವಷ್ಟರಲ್ಲಿ ಖಾಲಿಯಾಗಿರುತ್ತದೆ. ಹಾಗಾಗಿ ನನ್ನ ಬೀರುವಿನಲ್ಲಿರುವ ಇಂಥ ಶರ್ಟುಗಳಲ್ಲೆಲ್ಲ ನನ್ನಂಥವರು ಇಬ್ಬರು ಹಿಡಿಸುತ್ತಾರೆ. ಮಧ್ಯಾಹ್ನ ರಾಜ್ಮಾ ಚಾವಲ್. ಪ್ರತಿ ಭಾಷಣದ ಮೊದಲ ಕೆಲವು ನಿಮಿಷ, ಭಾಷಣಕಾರನ ಲ್ಯಾಪ್‌ಟಾಪಿನ ಚಿತ್ರ ಪರದೆಯ ಮೇಲೆ ಮೂಡುವುದಿಲ್ಲ. ಆಗ ಸಭಾಂಗಣ ತುಂಬ ಕೂತ ಕಂಪ್ಯೂಟರ್ ಪಂಡಿತರೆಲ್ಲ ಒಬ್ಬೊಬ್ಬರಾಗಿ ವೇದಿಕೆಗೆ ಹೋಗಿ, ಅದೇ ತಂತಿಯನ್ನು ಕಿತ್ತು ಅದೇ ತೂತಿಗೆ ಚುಚ್ಚಿ ಬರುತ್ತಾರೆ.

ಭಾಷಣ ಮುಗಿದ ಮೇಲೆ ನಿರೂಪಕ ಮೈಕು ಹಿಡಿದು, “ಯಾರಿಗಾದರೂ ಪ್ರಶ್ನೆಗಳಿವೆಯೇ?” ಎಂದು ಕೇಳುವುದು ಪದ್ಧತಿ. ಅವನ ಮಾತು ಮುಗಿಯುವ ಮೊದಲೇ ಮೇಲೆದ್ದಿರುವ ಒಂದು ಬಲಗೈ ಇರುತ್ತದೆ. ಅದು ನನ್ನದು.

ನನ್ನ ಪ್ರಶ್ನೆಗಳ ರಚನೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಭಾಷಣಕಾರರಿಗೆ ವಂದನೆ. ಆಮೇಲೆ, “ಇದು ಪ್ರಶ್ನೆಯೇನೂ ಅಲ್ಲ, ಒಂದು ಮಾತು ಅಷ್ಟೇ” ಎಂಬ ಪೀಠಿಕೆ. ನಂತರ ನಾನು ನೋಯ್ಡಾದ ಕಂಪನಿಯಲ್ಲಿ ಟೆಸ್ಟರ್, ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವನು, ಎಂಬ ಪರಿಚಯ. ಬಳಿಕ ಇದೇ ಸಮಸ್ಯೆ ನಮ್ಮ ಆಫೀಸಿನಲ್ಲಿ ಬಂದಾಗ ನಾವೇನು ಮಾಡಿದೆವು, ನನ್ನ ಮಾತು ಕೇಳಿದ್ದರೆ ಏನಾಗುತ್ತಿತ್ತು, ಯಾರೂ ಕೇಳದೆ ಏನಾಯಿತು ಎಂಬ ಕಥೆ. ಕೊನೆಗೆ, “ಇದರ ಬಗ್ಗೆ ನೀವೇನು ಹೇಳುತ್ತೀರಿ?” ಒಮ್ಮೆ ಪುಣೆಯಿಂದ ಬಂದಿದ್ದ ಭಾಷಣಕಾರನೊಬ್ಬ ಇಷ್ಟನ್ನೂ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, “ಸರಿ” ಎಂದಷ್ಟೇ ಹೇಳಿ ನೀರು ಕುಡಿದ. ಇನ್ನೊಬ್ಬಳು ಬಹಳ ವಿನಯದಿಂದ, “ದಯವಿಟ್ಟು ಪ್ರಶ್ನೆಯನ್ನು ಇನ್ನೊಮ್ಮೆ ಹೇಳುತ್ತೀರಾ?” ಎಂದಳು. ಅಷ್ಟು ಹೊತ್ತಿಗೆ ಪ್ರಶ್ನೆ ಏನಿತ್ತೆಂದು ನನಗೂ ಮರೆತಿತ್ತು. ಮೂರನೆಯ ಬಾರಿ ನಿರೂಪಕ ಮೈಕನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಹೋದ. ನಾನು ಮೈಕಿಲ್ಲದೆಯೇ ಮುಂದುವರಿಸಿದೆ. ಹಿಂದಿನ ಸಾಲಿಗೂ ಕೇಳಿಸಿತಂತೆ.

ಇದೆಲ್ಲ ಹೇಗೆ ಶುರುವಾಯಿತು ಎನ್ನುವಿರಾದರೆ, ಮುನಿರ್ಕಾಕ್ಕೆ ಹೋಗಬೇಕು. ದೆಹಲಿಗೆ ಬಂದ ಹೊಸತರಲ್ಲಿ ನಾನೂ ದಾವಣಗೆರೆಯ ರಿಯಾಜನೂ ಅಲ್ಲಿ ಒಂದು ಕೋಣೆ ಹಿಡಿದಿದ್ದೆವು. ಕಿಟಕಿ ತೆರೆದರೆ ಕೈ ಚಾಚಿ ಎದುರು ಮನೆಯವರ ಕುಕ್ಕರಿಗೆ ನಾವೇ ವಿಷಲ್ ಹಾಕಬಹುದಾಗಿತ್ತು. ರಿಯಾಜನ ಮನೆಮಾತು ಉರ್ದು, ಅವನಿಗೆ ದೆಹಲಿ ಸಲೀಸಾಗಿತ್ತು. ನನ್ನದು ಶಾಲೆಯಲ್ಲಿ ಪರೀಕ್ಷೆಗೆ ಓದಿದ ಹಿಂದಿ. ನಾನು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡು, “ಭಯ್ಯಾ, ನನಗೆ…” ಎಂದು ಆರಂಭಿಸುವಷ್ಟರಲ್ಲಿ ತರಕಾರಿಯವನು ಆಲೂಗಡ್ಡೆ ತೂಗಿ ಚೀಲಕ್ಕೆ ಸುರಿದಾಗಿರುತ್ತಿತ್ತು. ನನಗೆ ಬೇಕಾದದ್ದು ಬದನೆಕಾಯಿ. ಆ ಚಳಿಗಾಲವೆಲ್ಲ ನಾವು ಆಲೂಗಡ್ಡೆ ತಿಂದೆವು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಮನೆ ಮಾಲೀಕನಿಗೆ ಹೇಳಲು ಹೋದರೆ, ಅವನು “ಹಾಂ ಹಾಂ, ಹೋ ಜಾಯೇಗಾ” ಎಂದು ನಾನು ಬಾಯಿ ತೆರೆಯುವ ಮುಂಚೆಯೇ ಸಮಾಧಾನ ಮಾಡಿ ಕಳುಹಿಸುತ್ತಿದ್ದ. ಆಫೀಸಿನ ಮ್ಯಾನೇಜರಿಗೂ ಅಷ್ಟೇ, ನನ್ನ ಅರ್ಧ ವಾಕ್ಯ ಸಾಕಾಗುತ್ತಿತ್ತು; ಉಳಿದರ್ಧವನ್ನು ಅವನೇ ತುಂಬಿಕೊಂಡು ಅದಕ್ಕೇ ಉತ್ತರವನ್ನೂ ಕೊಟ್ಟುಬಿಡುತ್ತಿದ್ದ. ನನಗೆ ಆಗ ನಿಜಕ್ಕೂ ಬೇಸರವಾಗುತ್ತಿತ್ತು. ಒಂದು ವಾಕ್ಯವನ್ನು ಕೊನೆಯ ತನಕ ಹೇಳಿ ಎಷ್ಟು ದಿನವಾಯಿತಪ್ಪಾ ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ.

ಅಂಥ ಒಂದು ಶನಿವಾರ ರಿಯಾಜ್, “ಬಾರಲೇ, ಊಟ ಹಾಕ್ತಾರಂತೆ” ಎಂದು ನನ್ನನ್ನು ಮೊದಲ ಸಮ್ಮೇಳನಕ್ಕೆ ಎಳೆದುಕೊಂಡು ಹೋದ. ಭಾಷಣ ಯಾವುದರ ಬಗ್ಗೆ ಎಂಬುದು ನೆನಪಿಲ್ಲ. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ನನ್ನ ಕೈ ಅದಾಗಿಯೇ ಮೇಲೆದ್ದಿತು. ಯಾರೋ ಓಡಿ ಬಂದು ಮೈಕು ಕೊಟ್ಟರು. ಇಡೀ ಸಭಾಂಗಣ ತಿರುಗಿ ನನ್ನ ಮುಖ ನೋಡಿತು. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದೆ. ಯಾರೂ ತಡೆಯಲಿಲ್ಲ. ಇನ್ನೊಂದು ಸೇರಿಸಿದೆ. ಅದಕ್ಕೂ ತಡೆಯಲಿಲ್ಲ. ನನ್ನ ಧ್ವನಿ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಹೊರಟು ನನಗೇ ವಾಪಸು ಬರುತ್ತಿತ್ತು, ಗಂಭೀರವಾಗಿ, ಯಾರೋ ದೊಡ್ಡ ಮನುಷ್ಯರದ್ದೆಂಬಂತೆ. ಅವತ್ತು ಎಷ್ಟು ಮಾತಾಡಿದೆನೆಂದರೆ, ಊಟದ ಸಾಲಿನಲ್ಲಿ ನಾವು ತಲುಪುವಾಗ ರಾಜ್ಮಾ ತಳ ಕಂಡಿತ್ತು. ರಿಯಾಜ್ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಅಲ್ಲಿಂದ ಮುಂದೆ ನಾನು ಒಂದು ವರ್ಷವೂ ತಪ್ಪಿಸಲಿಲ್ಲ. ಭಾಷಣ ಮಾಡಬೇಕೆಂಬ ಆಸೆಯೂ ಇತ್ತು, ಮುಚ್ಚಿಡುವುದೇಕೆ? ಆದರೆ ಭಾಷಣದ ಪ್ರಸ್ತಾಪಗಳನ್ನು ಅಲ್ಲಿ ಹೆಸರು ಮುಚ್ಚಿ ಓದುತ್ತಾರೆ; ಬರೆದವರು ಯಾರೆಂದು ಆರಿಸುವವರಿಗೆ ತಿಳಿಯುವುದಿಲ್ಲ. ಹಾಗಿದ್ದೂ ನನ್ನದು ಪ್ರತಿ ವರ್ಷ ತಿರಸ್ಕೃತವಾಗುತ್ತಿತ್ತು. ಒಮ್ಮೆ ಕಾರಣವನ್ನೂ ತಿಳಿಸಿದ್ದರು: ‘ಪ್ರಸ್ತಾಪ ಸ್ವಾರಸ್ಯಕರವಾಗಿದೆ, ವಿಷಯವೇನೆಂದು ಕೊನೆಯವರೆಗೂ ತಿಳಿಯಲಿಲ್ಲ.’ ನಾನು ಮೊದಲರ್ಧವನ್ನು ಮಾತ್ರ ಎಲ್ಲರಿಗೂ ಓದಿ ಹೇಳಿದೆ.

ಈ ಚಟ ಸಮ್ಮೇಳನದಲ್ಲೇ ಉಳಿದಿದ್ದರೆ ಮನೆಯವರಿಗೆ ತೊಂದರೆಯಿರಲಿಲ್ಲ. ಕನ್ನಡದವರು ಸೇರಿ ಮಾಡಿದ ರಾಜ್ಯೋತ್ಸವದಲ್ಲಿ, ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡು ಹೊರಡುವ ಹೊತ್ತಿಗೆ ನಾನು ಎದ್ದು ನಿಂತು ಒಂದು ಮಾತು ಎಂದೆ. ಅವರ ವಿಮಾನ ತಪ್ಪಿತೆಂದು ಕೆಲವರು ಹೇಳುತ್ತಾರೆ, ನನಗೆ ನಂಬಿಕೆಯಿಲ್ಲ. ನಮ್ಮ ಕ್ವಾರ್ಟರ್ಸಿನ ನಿವಾಸಿಗಳ ಸಭೆಯಲ್ಲಿ ಈಗ “ಯಾರಿಗಾದರೂ ಪ್ರಶ್ನೆ ಇದೆಯೇ?” ಎಂದು ಕೇಳುವುದನ್ನೇ ನಿಲ್ಲಿಸಿದ್ದಾರೆ, ನೇರವಾಗಿ ಸಮೋಸ ಹಂಚುತ್ತಾರೆ.

ಇನ್ನು ನನ್ನ ಮಗಳು ಪೂರ್ವಿಯ ವಿಷಯ. ಅವಳು ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತು ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಇಳಿಯುತ್ತದೆ. ಅವಳು ಚಿಕ್ಕವಳಿದ್ದಾಗ ಶೈಲಜಾಗೆ ಶನಿವಾರವೂ ಕಚೇರಿಯ ಕೆಲಸ ಬೀಳುತ್ತಿತ್ತು. ಆಗ ನಾನು ಮಗುವನ್ನು ಸಮ್ಮೇಳನಕ್ಕೇ ಕರೆದುಕೊಂಡು ಹೋಗುತ್ತಿದ್ದೆ. ಅವಳು ಪಕ್ಕದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಚಿತ್ರ ಬರೆಯುತ್ತಿದ್ದಳು. ಪ್ರಶ್ನೆಗಳ ಸಮಯ ಬಂದಿತೆಂದರೆ ಬಣ್ಣದ ಪೆನ್ಸಿಲುಗಳನ್ನೆಲ್ಲ ಡಬ್ಬಿಗೆ ತುಂಬಿ, ಎರಡೂ ಕೈಗಳಿಂದ ನನ್ನ ಶರ್ಟಿನ ಅಂಚನ್ನು ಕೆಳಕ್ಕೆ ಜಗ್ಗುತ್ತಿದ್ದಳು. ಜಗ್ಗಿಸಿಕೊಳ್ಳುತ್ತಲೇ ನಾನು ಮಾತಾಡುತ್ತಿದ್ದೆ. ಹೊರಗಿನವರೊಂದಿಗೆ ಅವಳು ಬಹಳ ಮಿತಭಾಷಿ. ಶಾಲೆಯ ಟೀಚರು, ಎಲ್ಲ ಗೊತ್ತಿದ್ದರೂ ಕೈ ಎತ್ತುವುದಿಲ್ಲ, ಎಂದು ಪ್ರತಿ ಸಲವೂ ಹೇಳುತ್ತಿದ್ದರು. “ಅವಳ ಪಾಲಿನ ಮಾತನ್ನೂ ನೀವೇ ಆಡಿ ಮುಗಿಸಿದ್ದೀರಲ್ಲ, ಇನ್ನೇನು ಉಳಿದಿದೆ ಅದಕ್ಕೆ?” ಎಂದು ಶೈಲಜಾ ಅಂದಿದ್ದಳು. ತಮಾಷೆಗೇ ಅಂದದ್ದು. ಆದರೆ ನನಗೆ ಅದು ಚುಚ್ಚಿತ್ತು, ಆ ರಾತ್ರಿ ಊಟ ಸೇರಲಿಲ್ಲ.

ಆ ಮಗು ಬೆಳೆದು ಇಂಜಿನಿಯರಿಂಗ್ ಸೇರಿ, ಕಳೆದ ವರ್ಷ ನನಗೆ ಹೇಳದೆ ಕೇಳದೆ ಸಮ್ಮೇಳನಕ್ಕೆ ಒಂದು ಪ್ರಸ್ತಾಪ ಕಳುಹಿಸಿದಳು. ಹೆಸರು ಮುಚ್ಚಿಯೇ ಓದಿದರು. ಮೊದಲ ಸಲಕ್ಕೇ ಆಯ್ಕೆಯಾಯಿತು. ಆ ಸಂಜೆ ನಾನು ಫೋನು ಹಚ್ಚದ ಸಂಬಂಧಿಕರಿಲ್ಲ. ನನ್ನ ಪ್ರಸ್ತಾಪ ಆ ವರ್ಷವೂ ತಿರಸ್ಕೃತವಾದದ್ದನ್ನು ಯಾರಿಗೂ ಹೇಳಲಿಲ್ಲ.

ಊಟಕ್ಕೆ ಕೂತಾಗ ಪೂರ್ವಿ ಅನ್ನ ಕಲಸುತ್ತ ಹೇಳಿದಳು, “ಪಪ್ಪಾ, ಒಂದ್ ಕಂಡೀಷನ್ ಇದೆ.”

“ಏನು?”

“ನೀನು ಕ್ವೆಶ್ಚನ್ ಕೇಳ್ಬಾರ್ದು.”

“ಒಂದೂ ಬೇಡ್ವಾ?”

“ಬಿಲ್ಕುಲ್ ಬೇಡ.”

“ಚಿಕ್ಕದೊಂದು?”

“ನಿನ್ನತ್ರ ಚಿಕ್ಕದು ಇರಲ್ಲ ಯಾರ್. ಕೈ ಎತ್ತೋದೂ ಬೇಡ.”

“ತಲೆ ಕೆರ್ಕೊಳ್ಳೋಕೆ ಎತ್ತಬಹುದಾ?”

“ಎಡಗೈಲಿ ಕೆರ್ಕೋ.”

ಶೈಲಜಾ ಸಾರು ಬಡಿಸುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪೂರ್ವಿ ನಗಲಿಲ್ಲ. ತಟ್ಟೆಯನ್ನೇ ನೋಡುತ್ತ, “ಸೀರಿಯಸ್ಲೀ ಪಪ್ಪಾ. ನೀನು ಎದ್ದು ನಿಂತ್ರೆ ಅಲ್ಲಿ ಎಲ್ರಿಗೂ ನೀನೇ ಗೊತ್ತು. ನಾನು ಪೂರ್ವಿ ಆಗಿರಲ್ಲ, ನಿನ್ ಮಗಳು ಆಗ್ಬಿಡ್ತೀನಿ. ಏಕ್ ದಿನ್. ಒಂದೇ ದಿನ ನಾನು ಮಾತಾಡ್ತೀನಿ, ನೀನು ಕೇಳು,” ಎಂದಳು.

ನಾನು ಮಾತು ಕೊಟ್ಟೆ. ಅವಳ ಭಾಷಣದ ವಿಷಯ ಏನೆಂದು ಎಷ್ಟು ಕೇಳಿದರೂ, “ಆಡಿಯೊ ಬಗ್ಗೆ, ನೀನು ಬಂದು ನೋಡು” ಎಂದಷ್ಟೇ ಹೇಳಿದಳು. ಆದರೂ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಸಿದ್ಧ ಮಾಡಿಟ್ಟುಕೊಂಡೆ. ವಿಷಯ ಗೊತ್ತಿಲ್ಲದೆ ಪ್ರಶ್ನೆ ಹೇಗೆ ಎನ್ನಬೇಡಿ, ನನಗೆ ಅಭ್ಯಾಸವಿದೆ.

ನವೆಂಬರಿನ ಶನಿವಾರ ಅದು. ಹೊರಗೆ ಎದುರಿನ ಕಟ್ಟಡ ಕಾಣದಷ್ಟು ಹೊಗೆ. ಶೈಲಜಾಗೆ ಅವತ್ತೂ ಕಚೇರಿ. ಮಗಳಿಗೆ ಬೆಳಿಗ್ಗೆಯೇ ಹಣೆಗೆ ಕುಂಕುಮ ಹಚ್ಚಿ, ನನಗೆ ಬೆರಳು ತೋರಿಸಿ ಎಚ್ಚರಿಸಿ ಹೋಗಿದ್ದಳು. ಸಭಾಂಗಣದಲ್ಲಿ ರಿಯಾಜ್ ಮೊದಲೇ ಜಾಗ ಹಿಡಿದಿದ್ದ. ಈಗ ಅವನು ಗುರುಗ್ರಾಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ಗಡ್ಡ ಬೆಳ್ಳಗಾಗಿದೆ. ನನ್ನ ಬಲಕ್ಕೆ ಬಂದು ಕೂತು, “ಪೂರ್ವಿ ಫೋನ್ ಮಾಡಿದ್ಲಪ್ಪಾ. ನಿನ್ನ ಬಲಗೈ ಇವತ್ತು ನನ್ ಜವಾಬ್ದಾರಿ,” ಎಂದು ಮಣಿಕಟ್ಟನ್ನು ಹಿಡಿದುಕೊಂಡ.

ಪೂರ್ವಿ ವೇದಿಕೆಗೆ ಬಂದಳು. ಅವಳ ಲ್ಯಾಪ್‌ಟಾಪು ಮೊದಲ ಸಲಕ್ಕೇ ಪರದೆಯ ಮೇಲೆ ಮೂಡಿತು. ಸಭೆ ಅದಕ್ಕೇ ಚಪ್ಪಾಳೆ ತಟ್ಟಿತು. ಮೊದಲ ಎರಡು ವಾಕ್ಯ ಕೇಳಿಸಲೇ ಇಲ್ಲ. ಎದ್ದು ‘ಮೈಕು ಹತ್ತಿರ ಹಿಡಿದುಕೋ’ ಎಂದು ಕೂಗಬೇಕೆನ್ನಿಸಿತು. ರಿಯಾಜನ ಹಿಡಿತ ಬಿಗಿಯಾಯಿತು.

ನಿಧಾನಕ್ಕೆ ಅವಳ ಧ್ವನಿ ನೆಲೆಗೆ ಬಂತು. ಇಂಗ್ಲಿಷು ಹಿಂದಿ ಬೆರೆಸಿ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು ಧ್ವನಿಮುದ್ರಣದಲ್ಲಿ ಹಲವರು ಮಾತಾಡುತ್ತಿರುತ್ತಾರೆ. ಯಾರ ಮಾತು ಎಲ್ಲಿ ಮುಗಿಯಿತು, ಇನ್ನೊಬ್ಬರದ್ದು ಎಲ್ಲಿ ಶುರುವಾಯಿತು ಎಂಬುದನ್ನು ಕಂಪ್ಯೂಟರು ಗುರುತಿಸಬೇಕು. ಅವಳು ಬರೆದ ಪ್ರೋಗ್ರಾಮು ಆ ಕೆಲಸ ಮಾಡುತ್ತದೆ. ಅದು ಸರಿಯಾಗಿ ಮಾಡುತ್ತಿದೆಯೇ ಎಂದು ಪರೀಕ್ಷಿಸಲು, ವರ್ಷ ವರ್ಷವೂ ಮತ್ತೆ ಮತ್ತೆ ಕೇಳಿಬರುವ ಒಂದೇ ಧ್ವನಿ ಬೇಕು. “ನಮ್ಮ ಅದೃಷ್ಟಕ್ಕೆ, ಈ ಸಮ್ಮೇಳನದ ಹಳೆಯ ವಿಡಿಯೊಗಳಲ್ಲಿ ಅಂಥ ಒಂದು ಧ್ವನಿ ಇದೆ,” ಎಂದಳು. ನನಗೆ ಇನ್ನೂ ಹೊಳೆದಿರಲಿಲ್ಲ. ರಿಯಾಜನಿಗೆ ಹೊಳೆದಿತ್ತು, ಅವನ ಭುಜ ಕುಲುಕತೊಡಗಿತು.

ಅವಳು ಗುಂಡಿ ಒತ್ತಿದಳು. “ವಂದನೆಗಳು. ಇದು ಪ್ರಶ್ನೆಯೇನೂ ಅಲ್ಲ, ಒಂದು ಮಾತು ಅಷ್ಟೇ…”

ಸಭೆ ಸಿಡಿದು ನಕ್ಕಿತು. ಅವಳು ಮುಂದಿನ ವರ್ಷದ್ದನ್ನು ಹಾಕಿದಳು. ಅದೇ ವಾಕ್ಯ. ಅದರ ಮುಂದಿನ ವರ್ಷ. ಅದೇ ವಾಕ್ಯ. ಒಂದರ ಹಿಂದೊಂದು ವರ್ಷದ ನಾನು ಎದ್ದು ಎದ್ದು ವಂದನೆ ಹೇಳುತ್ತಿದ್ದೆ. ಪರದೆಯ ಮೇಲೆ ಬಣ್ಣದ ಪಟ್ಟಿಗಳಿದ್ದವು. ಭಾಷಣಕಾರರದ್ದು ನೀಲಿ, ನನ್ನದು ಕೇಸರಿ. ಪುಣೆಯವನ ಭಾಷಣದಲ್ಲಿ ಪ್ರಶ್ನೋತ್ತರದ ಭಾಗವೆಲ್ಲ ಕೇಸರಿಯಾಗಿ, ತುದಿಯಲ್ಲಿ ನೀಲಿಯ ಒಂದು ಚುಕ್ಕೆಯಿತ್ತು. ಜನ ಕುರ್ಚಿ ಬಡಿದು ನಕ್ಕರು. ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟಿದರು. ನನ್ನ ಕಿವಿ ಬಿಸಿಯಾಗಿತ್ತು. ಈ ವಿಡಿಯೊಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತಿರಬೇಕು ಎಂದು ಹಿಂದೊಮ್ಮೆ ಇದೇ ಸಭೆಯಲ್ಲಿ ಎದ್ದು ನಿಂತು ವಾದಿಸಿದವನು ನಾನೇ ಆದ್ದರಿಂದ, ಆಕ್ಷೇಪಿಸುವ ದಾರಿಯೂ ಇರಲಿಲ್ಲ.

ನಗು ಇಳಿಯಲು ಅವಳು ಬಿಟ್ಟಳು. ಆಮೇಲೆ, “ಒಂದು ವರ್ಷದ ವಿಡಿಯೊದಲ್ಲಿ ಮಾತ್ರ ನನ್ನ ಪ್ರೋಗ್ರಾಮು ಸೋತಿತು,” ಎಂದಳು. “ಇದು ಅವರಲ್ಲ, ಬೇರೆ ಯಾರೋ, ಎಂದಿತು. ಕೇಳಿ.”

ಸ್ಪೀಕರಿನಲ್ಲಿ ಒಂದು ಸಣ್ಣ ಧ್ವನಿ ಬಂತು. ವಂದನೆಯಿಲ್ಲ, ಪೀಠಿಕೆಯಿಲ್ಲ, ಆಫೀಸಿನ ಕಥೆಯಿಲ್ಲ. “ಈ ಕೆಲಸವನ್ನು ಮೊದಲು ಮಾಡುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ?” ಅಷ್ಟೇ.

ನನಗೆ ಆ ದಿನ ನೆನಪಾಯಿತು. ಮನುಷ್ಯರಿಲ್ಲದೆ ಪ್ರೋಗ್ರಾಮುಗಳೇ ಪ್ರೋಗ್ರಾಮುಗಳ ತಪ್ಪು ಹುಡುಕುವುದು ಹೇಗೆ ಎಂಬ ಬಗ್ಗೆ ಒಬ್ಬ ಉತ್ಸಾಹಿ ಹುಡುಗ ಮಾತಾಡಿದ್ದ. ಅದಕ್ಕೆ ಸ್ವಲ್ಪ ದಿನ ಮುಂಚೆ ನಮ್ಮ ಕಂಪನಿ ಟೆಸ್ಟರುಗಳನ್ನೆಲ್ಲ ಒಂದೇ ಕೋಣೆಗೆ ಕರೆದು, ಧನ್ಯವಾದ ಹೇಳಿ, ಮನೆಗೆ ಕಳುಹಿಸಿತ್ತು. ವಿಷಯ ಶೈಲಜಾಗೆ ಮಾತ್ರ ಗೊತ್ತಿತ್ತು. ಪೂರ್ವಿ ಆಗ ಇನ್ನೂ ಶಾಲೆಯಲ್ಲಿದ್ದಳು. ಅವಳಿಗೆ ನಾವು, ಪಪ್ಪನಿಗೆ ಈಗ ಮನೆಯಿಂದಲೇ ಕೆಲಸ ಎಂದು ಹೇಳಿದ್ದೆವು. ಅವಳು ಹೂಂ ಎಂದಿದ್ದಳು. ಆ ವರ್ಷವೂ ನಾನು ಅಭ್ಯಾಸಬಲದಿಂದ ಸಮ್ಮೇಳನಕ್ಕೆ ಹೋದೆ. ಆ ಹುಡುಗನಿಗೆ ಆ ಪ್ರಶ್ನೆ ಕೇಳಿದೆ. ಅವನು “ಒಳ್ಳೆಯ ಪ್ರಶ್ನೆ” ಎಂದು ನಕ್ಕು ಮುಂದಿನವರ ಕಡೆಗೆ ತಿರುಗಿದ. ಅದಾಗಿ ಹಲವು ತಿಂಗಳ ಮೇಲೆ ನನಗೆ ಈಗಿನ ಕೆಲಸ ಸಿಕ್ಕಿತು. ನಾವ್ಯಾರೂ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಪೂರ್ವಿ ವೇದಿಕೆಯ ಮೇಲಿಂದ ಹೇಳುತ್ತಿದ್ದಳು: “ಪ್ರೋಗ್ರಾಮು ಹೇಳಿದ್ದು ಸರಿಯೋ ತಪ್ಪೋ ಎಂದು ಹೇಳಲು, ಸತ್ಯ ಗೊತ್ತಿರುವ ಒಬ್ಬ ಮನುಷ್ಯ ಬೇಕಾಗುತ್ತದೆ. ಇಲ್ಲಿ ಆ ಮನುಷ್ಯ ನಾನು. ಈ ಧ್ವನಿಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಕ್ಕರೂ ಗೊತ್ತಾಗುತ್ತದೆ, ಕೆಮ್ಮಿದರೂ ಗೊತ್ತಾಗುತ್ತದೆ. ಆ ವರ್ಷ ಅವರು ಬಹಳ ಸಣ್ಣ ಧ್ವನಿಯಲ್ಲಿ ಮಾತಾಡುತ್ತಿದ್ದರು, ಮನೆಯಲ್ಲೂ. ನಾನು ಗಮನಿಸಿದ್ದೆ. ಹಾಗಾಗಿ ಇದು ಅವರೇ ಎಂದು ತಿದ್ದಿದೆ.”

ಸಭೆಗೆ ಅದು ತಂತ್ರಜ್ಞಾನದ ಒಂದು ವಿವರ. ಗೊತ್ತಿತ್ತು ಅವಳಿಗೆ. ನಾನು ಬೆಳಿಗ್ಗೆ ಲ್ಯಾಪ್‌ಟಾಪು ತೆರೆದು, ಯಾರೂ ಇಲ್ಲದ ಮೀಟಿಂಗಿನಲ್ಲಿ ತಲೆಯಾಡಿಸುತ್ತ ಕೂರುತ್ತಿದ್ದಾಗ, ಅವಳು ಟಿಫನ್ ಡಬ್ಬಿ ಹಿಡಿದು, “ಪಪ್ಪಾ, ಬಾಯ್” ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು. ಎಲ್ಲ ಗೊತ್ತಿದ್ದೂ ಆ ಮಗು ಒಂದು ಪ್ರಶ್ನೆ ಕೇಳಿರಲಿಲ್ಲ.

ಭಾಷಣ ಮುಗಿಯಿತು. ನಿರೂಪಕ ಗುರ್‌ಪ್ರೀತ್ ವೇದಿಕೆಗೆ ಬಂದು ಪ್ರಶ್ನೆಗಳಿವೆಯೇ ಎಂದ. ಒಬ್ಬ ಹುಡುಗಿ ಏನೋ ಕೇಳಿದಳು, ಪೂರ್ವಿ ಉತ್ತರಿಸಿದಳು. ಇನ್ನೊಬ್ಬ ಯುವಕ ಎದ್ದು, “ಇದು ಪ್ರಶ್ನೆಯಲ್ಲ…” ಎಂದು ಶುರು ಮಾಡಿ, ಸಭೆ ನಗುವುದನ್ನು ಕಂಡು ಹಾಗೆಯೇ ಕೂತುಬಿಟ್ಟ. ಪಾಪ, ಒಳ್ಳೆಯ ಭವಿಷ್ಯವಿತ್ತು ಅವನಿಗೆ. ಪೂರ್ವಿ ಮಾತ್ರ ನಗದೆ, “ಇಲ್ಲ, ನೀವು ಹೇಳಿ, ಪೂರ್ತಿ ಹೇಳಿ,” ಎಂದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಅವನು ಹೇಳುವುದನ್ನು ಕೊನೆಯ ತನಕ ಕೇಳಿ, ಅದರೊಳಗಿದ್ದ ಪ್ರಶ್ನೆಯನ್ನು ತಾನೇ ಹುಡುಕಿ ತೆಗೆದು, ಅದಕ್ಕೆ ಉತ್ತರ ಕೊಟ್ಟಳು.

ಆಗ ಗುರ್‌ಪ್ರೀತ್ ನನ್ನ ಕಡೆ ತಿರುಗಿ, “ಅಂಕಲ್‌ಜಿ, ನಿಮ್ಮ ಮಾತಿಲ್ಲದೆ ಸಮ್ಮೇಳನ ಮುಗಿಯುವುದು ಹೇಗೆ? ಇವತ್ತು ನಿಮ್ಮ ಹಕ್ಕು,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಎತ್ತದೆಯೇ ಮೈಕು ನನ್ನ ಬಳಿಗೆ ಬಂತು. ಇಷ್ಟು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ರಿಯಾಜ್ ಮಣಿಕಟ್ಟು ಬಿಟ್ಟ. “ನೋಡಪ್ಪಾ, ಇನ್ನು ನಿನ್ನ ಇಷ್ಟ,” ಎಂದ.

ಎದ್ದು ನಿಂತೆ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು, ನನಗೆ ಇಷ್ಟವಾಗುವ ಹಾಗೆಯೇ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಇವಳು ನನ್ನ ಮಗಳು ಎಂದು ಹೇಳಬೇಕಿತ್ತು. ಇವಳು ಇಲ್ಲೇ, ಇದೇ ಸಭಾಂಗಣದಲ್ಲಿ ಚಿತ್ರ ಬರೆಯುತ್ತಿದ್ದಳು ಎಂದು ಹೇಳಬೇಕಿತ್ತು. ವೇದಿಕೆಯ ಮೇಲೆ ಪೂರ್ವಿ ಎರಡೂ ಕೈಗಳಿಂದ ಮೈಕು ಹಿಡಿದು ನಿಂತಿದ್ದಳು. ಬೇಡ ಎನ್ನುವ ಸನ್ನೆಯನ್ನೂ ಮಾಡಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಗಂಟಲಿನಲ್ಲಿ ಏನೋ ಗೊರ್ ಎಂದಿತು, ದೊಡ್ಡದಾಗಿ ನಾಲ್ಕೂ ಸ್ಪೀಕರುಗಳಿಂದ ಹೊರಬಂತು. ತಲೆಯಾಡಿಸಿ, ಮೈಕನ್ನು ವಾಪಸು ಕೊಟ್ಟು ಕೂತೆ. ಸಭೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಮಗಳಿಗೆ ಚಪ್ಪಾಳೆ ತಟ್ಟಿತು. ಬಹಳ ಹೊತ್ತು ತಟ್ಟಿತು.

ಮೆಟ್ರೋದಲ್ಲಿ ವಾಪಸು ಬರುವಾಗ ಅವಳು ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋದಳು. ನಾವು ಆ ದಿನದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ನಾನು ಆ ಮಾತನ್ನು ಹೇಗೆ ಎತ್ತುವುದೆಂದು ತಿಳಿಯದೆ ಹೋದೆ. ಮಾತಿನ ಮಲ್ಲನಿಗೆ ಅದೊಂದು ಹೊಸ ಅನುಭವ.

ಇಷ್ಟು ಹೇಳುವಷ್ಟರಲ್ಲಿ ಕಾಫಿ ಆರಿತು. ಈಗ ಒಳಗಿನಿಂದ ಪೂರ್ವಿ ಕೂಗಿದಳು. ನಮ್ಮ ಸಮ್ಮೇಳನದವರು ವಿಡಿಯೊ ಹಾಕುವುದರಲ್ಲಿ ಬಹಳ ನಿಧಾನಿಗಳು. ಮುಂದಿನ ವರ್ಷದ್ದಕ್ಕೆ ತಯಾರಿ ಶುರುವಾದ ಮೇಲೆ ಹಿಂದಿನ ವರ್ಷದ್ದು ಹೊರಬರುತ್ತದೆ. ಅವಳ ಭಾಷಣದ್ದು ಇವತ್ತು ಬಂದಿದೆಯಂತೆ. ಅದನ್ನು ಆಗಲೇ ತನ್ನ ಪ್ರೋಗ್ರಾಮಿಗೆ ಕೊಟ್ಟು ನೋಡುತ್ತ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ಉದ್ದಕ್ಕೂ ಅವಳ ನೀಲಿ ಪಟ್ಟಿ. ಅವಳು ಹಾಕಿ ತೋರಿಸಿದ ನನ್ನ ಹಳೆಯ ಮಾತುಗಳೆಲ್ಲ ಮುಗಿದ ಮೇಲೆ ಕೇಸರಿಯ ಸುಳಿವೇ ಇರಲಿಲ್ಲ.

“ಇಲ್ಲಿ ಕೇಳು,” ಎಂದು ಕೊನೆಗೆ ಹೋಗಿ ಗುಂಡಿ ಒತ್ತಿದಳು. ಗೊರ್ ಎಂಬ ಒಂದು ಸದ್ದು. ಆಮೇಲೆ ಮೂಗು ಏರಿಸಿಕೊಂಡ ಸದ್ದು. ಆಮೇಲೆ ಚಪ್ಪಾಳೆ.

“ಮಶೀನ್ ಇದನ್ನ ಬರೀ ನಾಯ್ಸ್ ಅಂತ ಬಿಟ್ಬಿಟ್ಟಿದೆ ಪಪ್ಪಾ. ಯಾರ್ದೂ ಅಲ್ವಂತೆ. ನಾನು ನಿನ್ ಹೆಸ್ರು ಹಾಕ್ದೆ.”

“ಅದು ಹೊಗೆ ಕಣೇ. ನವೆಂಬರ್ ಅಲ್ವಾ, ಗಂಟಲು ಕಟ್ಟಿತ್ತು.”

“ಹಾಲ್ ಒಳಗೆ ಏರ್ ಪ್ಯೂರಿಫೈಯರ್ ಇತ್ತು.”

ಏರ್ ಪ್ಯೂರಿಫೈಯರುಗಳ ಬಗ್ಗೆ ನನ್ನ ಬಳಿ ಸಾಕಷ್ಟು ಸಾಮಗ್ರಿಯಿದೆ. ಅವು ಎಷ್ಟು ದೊಡ್ಡ ಕೋಣೆಗೆ ಸಾಲುತ್ತವೆ, ನಮ್ಮ ಆಫೀಸಿನಲ್ಲಿ ಅವನ್ನು ಎಲ್ಲಿಡಬೇಕೆಂದು ನಾನು ಹೇಳಿದ್ದೆ, ಎಲ್ಲಿಟ್ಟರು, ಎಲ್ಲವನ್ನೂ ಹೇಳಬಹುದಿತ್ತು. ಪೂರ್ವಿ ಪರದೆಯಿಂದ ಕಣ್ಣು ತೆಗೆದು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಕಾಯುತ್ತ ಕೂತಳು.

“ಅಳು ಬಂದಿತ್ತು ಕಣೇ,” ಎಂದೆ.